ಗದಗಿನ ‘ನೋ’, ಜರ್ಮನಿಯ ‘ನೋ’

ನಾಲ್ಕು ಊರಿನವರು ಒಂದೇ ಆಫೀಸಿನಲ್ಲಿ ಕೂತು, ನಾಲ್ವರದ್ದೂ ಅಲ್ಲದ ಇಂಗ್ಲಿಷ್ ಮಾತಾಡಿದರೆ ದಿನಕ್ಕೊಂದು ಫಜೀತಿ ಗ್ಯಾರಂಟಿ. ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಟೇಬಲ್ಲಿಗೆ ಬರುತ್ತದೆ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಅಬುಧಾಬಿಯ ಒಂದು ಕನ್ಸಲ್ಟೆನ್ಸಿಯಲ್ಲಿ ಸಿವಿಲ್ ಎಂಜಿನಿಯರ್ ಆಗಿದ್ದೆ. ಮಾಲೀಕರು ಅಲ್ಲಿಯ ಅರಬ್ಬರು, ಮ್ಯಾನೇಜರ್ ಜರ್ಮನಿಯವರು, ಆರ್ಕಿಟೆಕ್ಟ್ ಇಟಲಿಯವನು, ನಾನು ಗದಗಿನವನು. ಯಾರೂ ಕೆಟ್ಟವರಲ್ಲ. ಎಲ್ಲರೂ ಅವರವರ ಊರಿನ ಲೆಕ್ಕದಲ್ಲಿ ಬಹಳ ಮರ್ಯಾದಸ್ಥರು. ಇಷ್ಟೆಲ್ಲ ಆದದ್ದೇ ಅದರಿಂದ.

ನಲ್ಲಿಯ ಮೇಲಿನ ‘ಸಿ’

ಆಫೀಸಿನ ವಾಶ್‌ರೂಮಿನಲ್ಲಿ ಎರಡು ನಲ್ಲಿ. ಒಂದರ ಮೇಲೆ ‘ಎಚ್’, ಇನ್ನೊಂದರ ಮೇಲೆ ‘ಸಿ’. ಇಟಲಿಯವನು ಬಂದ ಹೊಸತರಲ್ಲಿ, ಚಳಿಗಾಲದ ಒಂದು ಬೆಳಿಗ್ಗೆ, ‘ಸಿ’ ತಿರುಗಿಸಿ ಬಿಸಿನೀರಿಗಾಗಿ ಕಾಯುತ್ತ ನಿಂತಿದ್ದ. ಅವನ ಭಾಷೆಯಲ್ಲಿ ‘ಕಾಲ್ಡೋ’ ಅಂದರೆ ಬಿಸಿ, ಬರೆಯುವುದು ‘ಸಿ’ಯಿಂದ. ಪಕ್ಕದಲ್ಲಿ ಕೈ ತೊಳೆಯುತ್ತಿದ್ದ ಜರ್ಮನ್ ಮ್ಯಾನೇಜರ್ ನಕ್ಕರು. ಅವರಲ್ಲಿ ‘ಕಾಲ್ಟ್’ ಅಂದರೆ ತಣ್ಣಗೆ. ಹೆಚ್ಚುಕಡಿಮೆ ಒಂದೇ ಉಚ್ಚಾರದ ಎರಡು ಪದ, ಒಂದು ಕೈ ಸುಡುತ್ತದೆ, ಇನ್ನೊಂದು ಕೈ ಮರಗಟ್ಟಿಸುತ್ತದೆ. ಯುರೋಪಿನವರಿಗೆ ಇಂಥ ಅವಳಿಜವಳಿ ಪದಗಳು ಬೇಕಾದಷ್ಟು ಇವೆಯಂತೆ. ಇಬ್ಬರೂ ಟೀ ಹೊತ್ತಿನಲ್ಲಿ ಅವನ್ನೇ ಹೇಳಿಕೊಂಡು ಒಬ್ಬರನ್ನೊಬ್ಬರು ಕಾಡುತ್ತಿದ್ದರು.

‘ಸಿ ಅಂದರೆ ತಣ್ಣೀರು, ಇದು ತೀರ್ಮಾನವಾದ ವಿಷಯ’ ಎಂದು ಮ್ಯಾನೇಜರ್ ಆ ಚಳಿಗಾಲದಲ್ಲಿ ಜಗಳ ಮುಗಿಸಿದರು. ಜುಲೈ ಬಂತು. ಅಬುಧಾಬಿಯಲ್ಲಿ ನೀರಿನ ಟ್ಯಾಂಕು ಇರುವುದು ತಾರಸಿಯ ಮೇಲೆ. ಮ್ಯಾನೇಜರ್ ಊಟ ಮಾಡಿ ಬಂದು ‘ಸಿ’ ತಿರುಗಿಸಿದರು, ಅಯ್ಯೋ ಅಂತ ಕೈ ಕಿತ್ತುಕೊಂಡರು. ಬಾಗಿಲಲ್ಲಿ ನಿಂತಿದ್ದ ಇಟಲಿಯವನು, ‘ನಾನು ಹೇಳಿರಲಿಲ್ಲವೇ?’ ಎಂದ. ಅಲ್ಲಿಂದಾಚೆಗೆ ಆಫೀಸಿನಲ್ಲಿ ಒಂದು ಒಪ್ಪಂದವಾಯಿತು. ನವೆಂಬರಿನಿಂದ ಮಾರ್ಚ್‌ವರೆಗೆ ಆ ನಲ್ಲಿ ಜರ್ಮನ್ ಮಾತಾಡುತ್ತದೆ, ಉಳಿದ ತಿಂಗಳು ಇಟಾಲಿಯನ್.

ಮದುವೆಯಾದ ಬ್ಯಾಚುಲರ್

ಪದಗಳ ಈ ತಮಾಷೆ ಯುರೋಪಿಗೆ ಮಾತ್ರ ಅಂದುಕೊಳ್ಳಬೇಡಿ. ಗಲ್ಫಿನಲ್ಲಿ ‘ಬ್ಯಾಚುಲರ್’ ಅಂದರೆ ಮದುವೆಯಾಗದವನಲ್ಲ, ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದವನು. ನಾನಿದ್ದ ಹಳೇ ವಿಲ್ಲಾದಲ್ಲಿ ರೂಮಿಗೆ ಇಬ್ಬರಂತೆ ಬ್ಯಾಚುಲರ್‌ಗಳೇ ತುಂಬಿದ್ದೆವು. ಮೇಲಿನ ರೂಮಿನವರೊಬ್ಬರು ಒಂದು ದಿನ ಎಲ್ಲರಿಗೂ ಲಾಡು ಹಂಚಿದರು. ಏನು ವಿಶೇಷ ಅಂತ ಕೇಳಿದರೆ, ಮೊಮ್ಮಗ ಹುಟ್ಟಿದ್ದಾನಂತೆ.

ನಾನೂ ಅಂಥ ಬ್ಯಾಚುಲರನೇ. ಮದುವೆಯಾಗಿ, ರಜೆ ಮುಗಿಸಿ, ಹೆಂಡತಿಯನ್ನು ಗದಗಿನಲ್ಲಿ ಬಿಟ್ಟು ಬಂದಿದ್ದೆ. ಅವಳನ್ನು ಕರೆಸಿಕೊಳ್ಳಬೇಕೆಂದರೆ ಕಂಪನಿ ನನಗೆ ‘ಫ್ಯಾಮಿಲಿ ಸ್ಟೇಟಸ್’ ಕೊಟ್ಟು, ಒಂದು ಫ್ಲಾಟ್ ಕೊಡಬೇಕು. ಅದು ಮ್ಯಾನೇಜರ್ ಕೈಯಲ್ಲಿತ್ತು. ನನಗೆ ಬೇಕಾಗಿದ್ದದ್ದು ಅದೊಂದೇ. ಸಂಜೆ ರೂಮಿಗೆ ಬಂದು ಬಾಗಿಲು ತೆಗೆದಾಗ ಒಳಗೆ ಅವಳಿರಬೇಕು ಅನ್ನಿಸುತ್ತಿತ್ತು. ಇರುತ್ತಿದ್ದವನು ಉಳ್ಳಾಲದ ಬ್ಯಾರಿ ರೂಮ್‌ಮೇಟ್, ಲುಂಗಿ ಸುತ್ತಿಕೊಂಡು ಈರುಳ್ಳಿ ಹೆಚ್ಚುತ್ತ. ಅತ್ತರಿನ ಅಂಗಡಿಯಲ್ಲಿ ಅವನ ಕೆಲಸ. ಒಳ್ಳೆಯ ಮನುಷ್ಯ, ಮೈಗೆ ಗುಲಾಬಿಯ ಘಮ. ಆದರೂ ಹೆಂಡತಿ ಹೆಂಡತಿಯೇ.

ಸೈಟಿನಲ್ಲಿ ಸ್ಯಾಂಡ್‌ವಿಚ್

ಒಮ್ಮೆ ಮ್ಯಾನೇಜರ್ ಜೊತೆ ಖಲೀಫಾ ಸಿಟಿಗೆ ಹೋಗಿದ್ದೆ. ಆಗ ಅಲ್ಲಿ ವಿಲ್ಲಾಗಳು ಏಳುತ್ತಿದ್ದ ಕಾಲ, ಸುತ್ತ ಮರಳು ಬಿಟ್ಟರೆ ಒಂದು ಚಹಾದ ಅಂಗಡಿಯೂ ಇಲ್ಲ. ಮಧ್ಯಾಹ್ನ ದಾಟಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಮ್ಯಾನೇಜರ್ ಕಾರಿನಿಂದ ಎರಡು ಚೀಸ್ ಸ್ಯಾಂಡ್‌ವಿಚ್ ತೆಗೆದು, ‘ಒಂದು ನಿಮಗೆ ಬೇಕೆ?’ ಎಂದು ಕೇಳಿದರು.

‘ನೋ ನೋ ಸರ್, ಯೂ ಈಟ್’ ಅಂದೆ.

ಇಲ್ಲಿ ನಮ್ಮ ಕಡೆಯ ಪದ್ಧತಿ ಹೇಳಲೇಬೇಕು. ಗದಗಿನಲ್ಲಿ ಯಾರ ಮನೆಗಾದರೂ ಹೋಗಿ, ಅವರು ‘ಚಾ ತಗೋರಿ’ ಅಂದರೆ, ‘ಬ್ಯಾಡ್ರಿ, ಈಗ ಕುಡದ ಬಂದೀನಿ’ ಅನ್ನಬೇಕು. ‘ಅರ್ಧಾ ಕಪ್ ತಗೋರಿ’ ಅಂದರೆ, ‘ನಿಮಗ್ಯಾಕ್ ತ್ರಾಸರಿ’ ಅನ್ನಬೇಕು. ‘ಯಾಕ, ನಮ್ಮ ಮನಿ ಚಾ ಸೇರೂದಿಲ್ಲೇನು?’ ಅಂತ ಮೂರನೇ ಸಲ ಗದರಿದಾಗ ಕೈ ಚಾಚಬೇಕು. ಮೊದಲ ಸಲಕ್ಕೇ ‘ಹೂಂ, ಕೊಡ್ರಿ’ ಅಂದವನನ್ನು ನಾಲ್ಕು ಮನೆಯಲ್ಲಿ ಹೊಟ್ಟಿಬಾಕ ಅಂತಾರೆ. ಒಂದೇ ಸಲ ಕೇಳಿ ಬಿಟ್ಟವನನ್ನು ಊರೆಲ್ಲ ಜುಗ್ಗ ಅನ್ನುತ್ತದೆ.

ನಾನು ಎರಡನೇ ಸಲಕ್ಕೆ ಕಾಯುತ್ತ, ಹಲ್ಲು ಬಿಟ್ಟುಕೊಂಡು ದೂರದ ಕ್ರೇನ್ ನೋಡುತ್ತ ನಿಂತೆ. ಮ್ಯಾನೇಜರ್ ‘ಓಕೆ’ ಅಂದರು. ಒಂದು ಸ್ಯಾಂಡ್‌ವಿಚ್ ತಿಂದರು. ಕಾಗದವನ್ನು ನೀಟಾಗಿ ಮಡಚಿಟ್ಟು ಎರಡನೆಯದನ್ನೂ ತಿಂದರು. ಮರುದಿನ ಇಡೀ ಆಫೀಸಿನ ಮುಂದೆ ನನ್ನನ್ನು ಹೊಗಳಿದರು: ‘ಈತ ಕೆಲಸದ ಮೇಲಿದ್ದಾಗ ಅನ್ನ ನೀರು ಮುಟ್ಟುವುದಿಲ್ಲ.’ ಅಂದಿನಿಂದ ಯಾರೂ ನನಗೆ ಒಂದು ಬಿಸ್ಕತ್ತನ್ನೂ ಕೊಡಲಿಲ್ಲ.

ಅಲ್ಲಾಡದ ಬಟ್ಟಲು

ಮ್ಯಾನೇಜರ್ ಅವರ ‘ನೋ’ ನಡೆಯದ ಜಾಗವೂ ಒಂದಿತ್ತು, ನಮ್ಮ ಮಾಲೀಕರ ಮಜ್ಲಿಸ್. ಅಂದರೆ ಅರಬ್ಬರ ಮನೆಯಲ್ಲಿ ಬಂದವರನ್ನು ಕೂರಿಸುವ ದೊಡ್ಡ ಕೋಣೆ. ಈದ್ ಹಬ್ಬಕ್ಕೆ ಶುಭಾಶಯ ಹೇಳಲು ನಾವಿಬ್ಬರೂ ಹೋಗಿದ್ದೆವು. ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಕಾಫಿ ಕೊಟ್ಟರು. ಕೊಡುವವರು ಕಾಫಿ ಪಾತ್ರೆ ಹಿಡಿದುಕೊಂಡು ಎದುರಿಗೇ ನಿಂತಿರುತ್ತಾರೆ.

ಮ್ಯಾನೇಜರ್ ಕುಡಿದು, ‘ನೋ, ಥ್ಯಾಂಕ್ ಯೂ’ ಎಂದು ಬಟ್ಟಲು ವಾಪಸು ಚಾಚಿದರು. ಬಟ್ಟಲು ತುಂಬಿತು. ಕೊಟ್ಟದ್ದನ್ನು ಬಿಡಬಾರದು ಅನ್ನುವುದು ಅವರ ತಾಯಿ ಕಲಿಸಿದ ಪಾಠ. ಕುಡಿದರು, ‘ನೋ, ಥ್ಯಾಂಕ್ ಯೂ ವೆರಿ ಮಚ್’ ಅಂದರು. ಮತ್ತೆ ತುಂಬಿತು. ಅವರ ‘ನೋ’ ಉದ್ದವಾದಷ್ಟೂ ಕಾಫಿ ಧಾರಾಳವಾಯಿತು. ನನಗಂತೂ ಸ್ವರ್ಗ. ಬೇಕೇ ಅಂತ ಕೇಳದೆಯೇ ಕೊಡುವ ಜನ ನನಗೆ ಊರು ಬಿಟ್ಟ ಮೇಲೆ ಸಿಕ್ಕಿದ್ದು ಅಲ್ಲೇ.

ಕೊನೆಗೆ ಮಾಲೀಕರಿಗೇ ಕನಿಕರ ಬಂತು. ‘ಸಾಕು ಅಂದರೆ ಬಾಯಲ್ಲಿ ಹೇಳುವುದಲ್ಲ, ಬಟ್ಟಲನ್ನು ಹೀಗೆ ಅಲ್ಲಾಡಿಸಬೇಕು. ಖಲಾಸ್!’ ಎಂದು ತೋರಿಸಿಕೊಟ್ಟರು. ಮ್ಯಾನೇಜರ್ ಬಟ್ಟಲು ಅಲ್ಲಾಡಿಸಿದರು. ಆದರೆ ಅಷ್ಟು ಹೊತ್ತಿಗೆ ಅವರ ಕೈ ತಾನಾಗಿಯೇ ಅಲ್ಲಾಡಲು ಶುರುವಾಗಿತ್ತು.

ಖಾಲಿದಿಯಾದ ಗೃಹಪ್ರವೇಶ

ಒಂದು ದಿನ ಮ್ಯಾನೇಜರ್ ನನ್ನನ್ನು ಕರೆದು ಹೇಳಿದರು: ‘ಖಾಲಿದಿಯಾ ಬಡಾವಣೆಯಲ್ಲಿ ಕಂಪನಿಯ ಒಂದು ಫ್ಯಾಮಿಲಿ ಫ್ಲಾಟ್ ಖಾಲಿಯಾಗಿದೆ. ನಿಮಗೆ ಬೇಕೆ?’

ನನ್ನ ಮನಸ್ಸು ಆಗಲೇ ಹೆಂಡತಿಯ ಜೊತೆ ಆ ಫ್ಲಾಟಿನ ಅಡುಗೆಮನೆಯಲ್ಲಿ ಹಾಲು ಉಕ್ಕಿಸುತ್ತಿತ್ತು. ಬಾಯಿ ಮಾತ್ರ ಗದಗಿನದು.

‘ನೋ ನೋ ಸರ್, ನನಗೋಸ್ಕರ ನಿಮಗೆ ಯಾಕೆ ತೊಂದರೆ’ ಅಂದೆ.

ಅವರು ನನ್ನನ್ನು ನೋಡಿದರು. ನಾನು ಎರಡನೇ ಸಲ ಕೇಳಲಿ ಎಂದು ನೆಲದ ಕಾರ್ಪೆಟ್ ನೋಡುತ್ತ ನಗುಮುಖ ಮಾಡಿಕೊಂಡು ನಿಂತೆ. ಅವರು ‘ಓಕೆ’ ಎಂದು ಫೋನೆತ್ತಿ ಇಟಲಿಯವನನ್ನು ಕೇಳಿದರು. ಅವನು ಪ್ರಶ್ನೆ ಮುಗಿಯುವ ಮೊದಲೇ ‘ಎಸ್!’ ಎಂದದ್ದು ನನಗೂ ಕೇಳಿಸಿತು. ಅವನಿಗೆ ಹೆಂಡತಿಯೂ ಇಲ್ಲ, ಮಕ್ಕಳೂ ಇಲ್ಲ. ಒಂದು ಬೂದು ಬಣ್ಣದ ಬೆಕ್ಕಿತ್ತು.

ಆ ಶುಕ್ರವಾರ ಬೂತಿನಿಂದ ಫೋನ್ ಮಾಡಿ ಹೆಂಡತಿಗೆ ವಿಷಯ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

‘ಅಲ್ರೀ, ನೀವು ಬ್ಯಾಡ ಅಂದ್ರಿ. ಸರಿ. ಆಮ್ಯಾಲೆ ಅವರು ಇನ್ನೊಮ್ಮಿ ಕೇಳಲೇ ಇಲ್ಲೇನು?’

‘ಇಲ್ಲ.’

‘ಎಂಥಾ ಮಂದೀರೀ ಅವರು! ಮನ್ಯಾಗ ಹಿರಿಯರು ಯಾರೂ ಕಲಿಸಿಲ್ಲೇನು?’

ಆ ವಾರವೇ ಖಾಲಿದಿಯಾದ ಫ್ಯಾಮಿಲಿ ಫ್ಲಾಟಿಗೆ ಇಟಲಿಯ ಬೆಕ್ಕು ಬಲಗಾಲಿಟ್ಟು ಒಳಗೆ ಹೋಯಿತು.

ತಾಲೀಮು

ರೂಮ್‌ಮೇಟ್ ವಿಷಯ ಕೇಳಿ ಈರುಳ್ಳಿ ಹೆಚ್ಚುವುದನ್ನೇ ನಿಲ್ಲಿಸಿದ.

‘ಎಂತ ಮಾರಾಯ್ರೆ ನೀವು, ಮಂಡೆ ಸರಿ ಉಂಟಾ ನಿಮಗೆ? ಮನೆ ಬೇಕಾ ಅಂತ ಕೇಳಿದ್ರೆ ಬೇಡ ಅನ್ನುವುದಾ?’

‘ಬಾಯಿಗೆ ಅದs ಬರ್ತೈತಿ ಭಾಯ್, ನಾ ಏನ್ ಮಾಡ್ಲಿ?’

‘ಬಾಯಿಯನ್ನು ನಾನು ರಿಪೇರಿ ಮಾಡ್ತೇನೆ’ ಎಂದ.

ಅವನ ರಿಪೇರಿ ಕ್ರಮ ಸರಳ. ಏನಿದ್ದರೂ ಒಂದೇ ಸಲ ಕೇಳುವುದು. ಮೊದಲ ದಿನ ಬಿಸಿಬಿಸಿ ಗೋಳಿಬಜೆ ತಂದು, ‘ಬೇಕಾ?’ ಅಂದ. ‘ಇರ್ಲಿ ಭಾಯ್, ನೀವ್ ತಿನ್ರಿ’ ಅಂದೆ. ನನ್ನ ಮುಖವನ್ನೇ ನೋಡುತ್ತ, ಚಟ್ನಿ ಒರೆಸಿಕೊಂಡು, ಪೊಟ್ಟಣ ಪೂರ್ತಿ ಖಾಲಿ ಮಾಡಿದ. ಮರುದಿನ ಚಹಾ ಹೋಯಿತು. ಅದರ ಮರುದಿನ ಫ್ಯಾನಿನ ಕೆಳಗಿನ ಮಂಚ ಹೋಯಿತು. ಅವನಿಗೂ ಇದರಲ್ಲಿ ರುಚಿ ಹತ್ತಿತ್ತು ಅಂತ ನನ್ನ ಗುಮಾನಿ.

ಹಸಿವು ಎಲ್ಲವನ್ನೂ ಕಲಿಸುತ್ತದೆ. ವಾರ ಕಳೆಯುವಷ್ಟರಲ್ಲಿ ‘ಬೇ...’ ಅನ್ನುವಾಗಲೇ ‘ಎಸ್!’ ಅನ್ನತೊಡಗಿದೆ. ರೂಮ್‌ಮೇಟ್ ಬೆನ್ನು ತಟ್ಟಿದ. ಆದರೆ ಕಲಿತದ್ದು ಸ್ವಲ್ಪ ಜಾಸ್ತಿಯೇ ಆಯಿತು. ಆಫೀಸು ಬಿಟ್ಟು ಫುಟ್‌ಪಾತಿನಲ್ಲಿ ಬರುತ್ತಿದ್ದವನ ಪಕ್ಕ ಟ್ಯಾಕ್ಸಿಯೊಂದು ನಿಂತು, ಡ್ರೈವರ್ ‘ಏರ್‌ಪೋರ್ಟ್?’ ಅಂದ. ‘ಎಸ್!’ ಅಂದುಬಿಟ್ಟೆ. ಅರ್ಧ ದಾರಿಯಲ್ಲಿ ಎಚ್ಚರವಾಗಿ ಇಳಿದುಕೊಂಡೆ.

ಬೆರಳ ಮೇಲೆ ತುಪ್ಪ

ಊರಿಂದ ಬಂದವರ ಕೈಯಲ್ಲಿ ಹೆಂಡತಿ ಶೇಂಗಾ ಹೋಳಿಗೆ ಕಳಿಸಿದ್ದಳು. ಇದೇ ಒಳ್ಳೆಯ ಸಮಯ, ಮ್ಯಾನೇಜರನ್ನು ಊಟಕ್ಕೆ ಕರೆಯಿರಿ, ಮನೆಯ ಮಾತು ತಾನಾಗಿ ಬರುತ್ತದೆ ಎಂದ ರೂಮ್‌ಮೇಟ್. ಕರೆದೆ. ಶುಕ್ರವಾರ ಮಧ್ಯಾಹ್ನ, ಹೇಳಿದ ಹೊತ್ತಿಗೆ ಸರಿಯಾಗಿ, ಕೈಯಲ್ಲೊಂದು ಹೂಗುಚ್ಛ ಹಿಡಿದು ಬಂದರು. ಬ್ಯಾಚುಲರ್‌ಗಳ ರೂಮಿಗೆ ಬಂದ ಮೊದಲ ಹೂವು ಅದು. ಇಡಲು ಜಾಗ ಕಾಣದೆ ರೂಮ್‌ಮೇಟ್ ಅದನ್ನು ಪ್ರೆಶರ್ ಕುಕ್ಕರಿನಲ್ಲಿ ನಿಲ್ಲಿಸಿದ.

ಅನ್ನ, ಬದನೆಕಾಯಿ ಪಲ್ಯ, ಸಾರು, ಮೇಲೆ ಹೋಳಿಗೆ. ಮ್ಯಾನೇಜರಿಗೆ ಹೋಳಿಗೆ ನಿಜವಾಗಿಯೂ ಹಿಡಿಸಿತು. ಒಂದು ಮುಗಿಸಿದರು. ‘ಇನ್ನೊಂದು?’ ಅಂದೆ. ‘ನೋ, ಥ್ಯಾಂಕ್ ಯೂ’ ಅಂದರು. ಪಾಪ, ಸಂಕೋಚ ಅಂತ ಇನ್ನೊಂದು ಹಾಕಿದೆ. ತಾಯಿ ಕಲಿಸಿದ ಪಾಠ ನೆನೆದು ತಿಂದರು. ‘ನೋ, ಪ್ಲೀಸ್’ ಅಂದರು. ಅಬ್ಬಾ, ‘ಪ್ಲೀಸ್’ ಬೇರೆ ಅಂತಿದ್ದಾರಲ್ಲ ಎಂದು ಮತ್ತೊಂದು ಹಾಕಿದೆ. ಅದೂ ಮುಗಿಯಿತು. ಮೂರನೇ ಸಲ ಅವರು ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ‘ನೋ!’ ಎಂದು ಕೂಗಿದರು. ನಾನು ಬೆರಳ ಸಂದಿಯಿಂದ ಹೋಳಿಗೆ ತೂರಿಸಿದೆ, ರೂಮ್‌ಮೇಟ್ ಬೆರಳ ಮೇಲೇ ತುಪ್ಪ ಸುರಿದ.

ಮ್ಯಾನೇಜರ್ ಸ್ವಲ್ಪ ಹೊತ್ತು ತುಪ್ಪದ ಕೈಯನ್ನೇ ನೋಡಿದರು. ‘ನಾನು ನೋ ಅಂದೆನಲ್ಲ?’ ಎಂದು ಬಹಳ ಶಾಂತವಾಗಿ ಕೇಳಿದರು.

ರೂಮ್‌ಮೇಟ್ ವಿವರಿಸಿದ. ‘ಸರ್, ಇವರ ಊರಲ್ಲಿ ಮೊದಲ ನೋ ಮರ್ಯಾದೆಗೆ. ಎರಡನೇ ನೋ ನಾಚಿಕೆಗೆ. ಮೂರನೇ ನೋ ಬಂತು ಅಂದ್ರೆ, ಅದು ಎಸ್.’

‘ಹಾಗಾದರೆ ಎಸ್ ಅಂದರೆ?’

‘ಎಸ್ ಅಂತ ಅಲ್ಲಿ ಯಾರೂ ಹೇಳುವುದೇ ಇಲ್ಲ ಸರ್.’

ಮ್ಯಾನೇಜರ್ ನನ್ನ ಕಡೆ ತಿರುಗಿದರು. ಗೋಡೆಯ ಮೇಲಿದ್ದ ನಮ್ಮ ಮದುವೆಯ ಫೋಟೋ ನೋಡಿದರು. ಮತ್ತೆ ನನ್ನನ್ನು ನೋಡಿದರು. ಅವರಿಗೆ ಏನೋ ಹೊಳೆದಿತ್ತು, ಮುಖ ಕೆಂಪಗಾಗಿತ್ತು. ಆದರೆ ಬಾಯಿ ಬಿಟ್ಟು ಹೇಳಲಿಲ್ಲ, ಬಾಯಲ್ಲಿ ನಾಲ್ಕನೇ ಹೋಳಿಗೆ ಇತ್ತು.

ಮೂರು ‘ನೋ’

ಅದಾಗಿ ಸ್ವಲ್ಪ ದಿನಕ್ಕೆ ಇನ್ನೊಂದು ಫ್ಲಾಟ್ ಖಾಲಿಯಾಯಿತು. ಮ್ಯಾನೇಜರ್ ಕರೆಸಿದರು. ಇಟಲಿಯವನೂ ಅಲ್ಲೇ ನಕ್ಷೆ ಹಿಡಿದು ಕೂತಿದ್ದ. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು ಕೇಳಿದರು: ‘ಫ್ಯಾಮಿಲಿ ಫ್ಲಾಟ್. ನಿಮಗೆ ಬೇಕೆ?’

ತಾಲೀಮು ಫಲ ಕೊಟ್ಟಿತು. ‘ಎಸ್ ಸರ್!’ ಎಂದು ಕಿಟಕಿ ಅದುರುವಂತೆ ಕೂಗಿದೆ.

ಮ್ಯಾನೇಜರ್ ಮುಖ ಇಳಿದುಹೋಯಿತು. ‘ಅರ್ಥವಾಯಿತು’ ಎಂದು ಪೆನ್ನಿನ ಮುಚ್ಚಳ ಹಾಕಿದರು. ‘ನಿಮಗೆ ನಿಜವಾಗಿ ಬೇಡ. ಬಾಯಿಬಿಟ್ಟು ಹೇಳಲು ಸಂಕೋಚ. ನಾನೀಗ ನಿಮ್ಮ ಪದ್ಧತಿ ಕಲಿತಿದ್ದೇನೆ.’

‘ನೋ ಸರ್!’ ಎಂದು ಚೀರಿದೆ.

ಅವರ ಮುಖ ಅರಳಿತು. ‘ಒಂದು’ ಅಂದರು.

‘ನೋ ನೋ, ಸರ್, ನಾನು ಹೇಳಿದ್ದು ಎಸ್!’

ಮುಖ ಮತ್ತೆ ಬಾಡಿತು. ‘ನಡುವೆ ಎಸ್ ಬಂತು. ಎಣಿಕೆ ಕೆಟ್ಟಿತು’ ಅಂದರು.

ನನಗೆ ಅಳು ಬರುವುದೊಂದು ಬಾಕಿ. ಮನೆ ಕಣ್ಣೆದುರಿಗಿದೆ. ಎಸ್ ಅಂದರೆ ಹೋಗುತ್ತದೆ, ನೋ ಅಂದರೆ ಒಮ್ಮೆ ಹೋಗಿಯಾಗಿದೆ. ಇಟಲಿಯವನು ನಕ್ಷೆ ಪಕ್ಕಕ್ಕಿಟ್ಟು, ‘ಮೊದಲಿಂದ ಕೇಳಿಬಿಡಿ, ನಾನು ಲೆಕ್ಕ ಇಡುತ್ತೇನೆ’ ಎಂದ. ಮ್ಯಾನೇಜರ್ ಕುರ್ಚಿಯಿಂದ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು.

‘ಫ್ಲಾಟ್ ಬೇಕೆ?’

‘ನೋ ಸರ್.’

‘ತೆಗೆದುಕೊಳ್ಳಿ, ಫ್ಲಾಟ್ ಬೇಕೆ?’

‘ನೋ ಸರ್, ನಿಮಗ್ಯಾಕೆ ತೊಂದರೆ.’

‘ಯಾಕೆ, ನಮ್ಮ ಕಂಪನಿಯ ಫ್ಲಾಟ್ ನಿಮಗೆ ಸೇರುವುದಿಲ್ಲವೇ?’

ಈ ಸಾಲನ್ನು ಅವರಿಗೆ ಯಾರು ಹೇಳಿಕೊಟ್ಟಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ರೂಮ್‌ಮೇಟ್ ಮೇಲೆ ನನಗೆ ಅನುಮಾನವಿದೆ. ಕಣ್ಣಲ್ಲಿ ನೀರು ತುಂಬಿಕೊಂಡು ‘ನೋ!’ ಅಂದೆ. ಇಟಲಿಯವನು ಚಪ್ಪಾಳೆ ಹೊಡೆದ. ಮ್ಯಾನೇಜರ್ ಅಲ್ಲೇ ಸಹಿ ಹಾಕಿ, ಕೈ ಕುಲುಕಿ, ‘ಅಭಿನಂದನೆಗಳು. ನೀವು ಬಹಳ ಸ್ಪಷ್ಟವಾಗಿ ಹೇಳಿದಿರಿ’ ಅಂದರು.

ಶುಕ್ರವಾರದ ಫೋನು

ಶುಕ್ರವಾರ ಬೆಳಿಗ್ಗೆ ಬೂತಿನ ಮುಂದೆ ಎಲ್ಲರಿಗಿಂತ ಮೊದಲು ನಿಂತವನು ನಾನು. ಫೋನ್ ಕಾರ್ಡಿನಲ್ಲಿ ಉಳಿದಿದ್ದದ್ದು ಸ್ವಲ್ಪವೇ. ಪರವಾಗಿಲ್ಲ, ಹೇಳಬೇಕಾದದ್ದೂ ಒಂದೇ ಮಾತು.

‘ಮನಿ ಸಿಕ್ತು’ ಅಂದೆ. ‘ಮುಂದಿನ ತಿಂಗಳೇ ಬಂದುಬಿಡು. ಬರ್ತೀಯಲ್ಲ?’

ಆ ಕಡೆ ಉಸಿರು ಒಮ್ಮೆ ಎಳೆದುಕೊಂಡದ್ದು ಕೇಳಿಸಿತು. ಹಿಂದೆಯೇ ಕೇಳಿದ ಗುಸುಗುಸುವಿನಿಂದ ಅವಳ ಅತ್ತೆ, ಮಾವ, ಪಕ್ಕದ ಮನೆಯವರು ಎಲ್ಲ ಸುತ್ತ ಇದ್ದಾರೆ ಅನ್ನುವುದೂ ಗೊತ್ತಾಯಿತು.

‘ಈಗ ಯಾಕ್, ಬ್ಯಾಡ ಬಿಡ್ರಿ’ ಅಂದಳು. ‘ನಿಮಗ ಖರ್ಚು.’

‘ಖರ್ಚಿಂದು ನಾ ನೋಡ್ಕೋತೀನಿ. ಬಾ ಅಂದ್ರ ಬಾ.’

‘ಬ್ಯಾಡ್ರಿ, ಸುಮ್ನ ನಿಮಗ್ಯಾಕ್ ತ್ರಾಸ?’

ಫೋನಿನ ಪರದೆಯಲ್ಲಿ ಅಂಕಿ ಸರಸರ ಇಳಿಯುತ್ತಿತ್ತು. ಇಷ್ಟು ದಿನ ಜರ್ಮನಿಯವರ ಜೊತೆ ಒಡನಾಡಿ ನನಗೂ ಅದೇ ರೋಗ ಹತ್ತಿತೋ ಏನೋ, ಅವಳಿಗೆ ನಿಜವಾಗಿಯೂ ಬರಲು ಮನಸ್ಸಿಲ್ಲ ಅಂತಲೇ ಅನ್ನಿಸಿಬಿಟ್ಟಿತು. ‘ಓಕೆ’ ಅಂದೆ.

ಆ ಕಡೆಯಿಂದ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಂತೆ, ಸುತ್ತಲಿನವರಿಗೆ ಕೇಳದ ಹಾಗೆ, ಹಲ್ಲು ಕಚ್ಚಿ ಹೇಳಿದ ದನಿ ಬಂತು:

‘ಓಕೆ ಅಂತ ಓಕೆ! ಟ್ರಂಕ್ ಕಟ್ಟಿ ಇಟ್ಟೀನಿ. ಕಾರ್ಡ್ ಮುಗಿಯೂದರಾಗ ಮೂರನೇ ಸಲ ಕೇಳ್ರಿ ಲಗೂ!’